ಡೆಕೊರೇಷನ್ ಸ್ಟೀಲ್ ಟ್ರಸ್ ಮೇಲೆ ಸ್ಟೇಜ್ ಲೈಟ್ ಹಾಕಬಹುದಾ? ಪದೇ ಪದೇ ಕೇಳುವ ಪ್ರಶ್ನೆಗಳು

ಶಾಲೆಯ ವಾರ್ಷಿಕೋತ್ಸವ, ರಾಜ್ಯೋತ್ಸವದ ವೇದಿಕೆ, ಗಣೇಶನ ಪೆಂಡಾಲು, ಹವ್ಯಾಸಿ ತಂಡದ ನಾಟಕ. ಇಂಥ ಕಡೆಯೆಲ್ಲ ಈಗ ತೆಳ್ಳಗಿನ ಸ್ಟೀಲ್ ಟ್ರಸ್, ಅಂದರೆ ಪೈಪುಗಳನ್ನು ಬೆಸೆದು ಮಾಡಿದ ಚೌಕಟ್ಟು, ಕಾಣಿಸುತ್ತದೆ. ಬಾಡಿಗೆ ಕಮ್ಮಿ, ಟೆಂಪೋದಲ್ಲಿ ಸಲೀಸಾಗಿ ಬರುತ್ತದೆ, ನೋಡಲೂ ಚೆನ್ನಾಗಿರುತ್ತದೆ. ಎಲ್‌ಇಡಿ ಲೈಟುಗಳು ಹಗುರವಾದ ಮೇಲಂತೂ "ಇದರ ಮೇಲೇ ನಾಲ್ಕು ಲೈಟ್ ಕಟ್ಟಿದ್ರೆ ಆಗಲ್ವಾ?" ಅಂತ ಎಲ್ಲರೂ ಕೇಳುತ್ತಾರೆ. ನಾಟಕಗಳಿಗೆ ಲೈಟಿಂಗ್ ಮಾಡುವ ನನಗೆ ಬರುವ ಪ್ರಶ್ನೆಗಳಲ್ಲಿ ಇವೇ ಜಾಸ್ತಿ. ಉತ್ತರಗಳನ್ನು ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಡೆಕೊರೇಷನ್ ಟ್ರಸ್ ಅಂದ್ರೆ ಯಾವುದು? ಸ್ಟೇಜ್ ಟ್ರಸ್‌ಗೂ ಅದಕ್ಕೂ ಏನು ವ್ಯತ್ಯಾಸ?

ಮೊಬೈಲ್ ಅಂಗಡಿ, ವಸ್ತುಪ್ರದರ್ಶನದ ಮಳಿಗೆ, ಫೋಟೋ ತೆಗೆಸಿಕೊಳ್ಳುವ ಕಮಾನು ಇವುಗಳಿಗೆ ಬಳಸುವ ಟ್ರಸ್ಸನ್ನು ನೆನಪಿಸಿಕೊಳ್ಳಿ. ಮೂರು ಅಥವಾ ನಾಲ್ಕು ಉದ್ದ ಪೈಪುಗಳು. ಅವುಗಳ ನಡುವೆ ಅಂಕುಡೊಂಕಾಗಿ ಬೆಸೆದ ಕಡ್ಡಿಗಳು. ಪೈಪು ಸಾಮಾನ್ಯವಾಗಿ 16ರಿಂದ 25 ಎಂಎಂ ದಪ್ಪ, ಅದರ ಗೋಡೆ ಒಂದು, ಒಂದೂವರೆ ಎಂಎಂ. ಮೇಲೆ ಕ್ರೋಮ್ ಅಥವಾ ಪೌಡರ್ ಕೋಟಿಂಗ್.

ದೊಡ್ಡ ಕಾರ್ಯಕ್ರಮಗಳಿಗೆ ಬರುವ ಅಲ್ಯೂಮಿನಿಯಂ ಬಾಕ್ಸ್ ಟ್ರಸ್‌ನಲ್ಲಿ ಉದ್ದ ಪೈಪುಗಳೇ 48ರಿಂದ 51 ಎಂಎಂ ಇರುತ್ತವೆ. ಟ್ರಸ್‌ನ ಅಗಲ, ಎತ್ತರ ಸುಮಾರು ಒಂದಡಿ. ಆದರೆ ಅಳತೆಗಿಂತ ದೊಡ್ಡ ವ್ಯತ್ಯಾಸ ಒಂದು ಕಾಗದದಲ್ಲಿದೆ. ಒಳ್ಳೆಯ ಸ್ಟೇಜ್ ಟ್ರಸ್ ಮಾಡುವವರು ಲೋಡ್ ಪಟ್ಟಿ ಕೊಡುತ್ತಾರೆ. ಕಂಬಗಳ ನಡುವೆ ಇಷ್ಟು ಅಂತರವಿದ್ದರೆ ಇಷ್ಟು ತೂಕ ಹಾಕಬಹುದು ಅಂತ ಅದರಲ್ಲಿ ಬರೆದಿರುತ್ತದೆ. ಡೆಕೊರೇಷನ್ ಟ್ರಸ್ಸಿಗೆ ಬಹುಪಾಲು ಆ ಪಟ್ಟಿ ಇರುವುದಿಲ್ಲ. ಅದನ್ನು ಮಾಡಿದ್ದೇ ಅಂದಕ್ಕೆ.

ಸ್ಟೀಲ್ ಅಲ್ವಾ? ಅಲ್ಯೂಮಿನಿಯಂಗಿಂತ ಗಟ್ಟಿ ಇರಬೇಕಲ್ಲ?

ಲೋಹವಾಗಿ ನೋಡಿದರೆ ಹೌದು. ಒಂದೇ ಅಳತೆಯ ಪೈಪು ತೆಗೆದುಕೊಂಡರೆ ಸ್ಟೀಲು ಅಲ್ಯೂಮಿನಿಯಂಗಿಂತ ಸುಮಾರು ಮೂರು ಪಟ್ಟು ಕಮ್ಮಿ ಬಾಗುತ್ತದೆ. ತೂಕವೂ ಸುಮಾರು ಮೂರು ಪಟ್ಟು ಜಾಸ್ತಿ.

ಆದರೆ ಟ್ರಸ್‌ನ ಬಲ ಬರೀ ಲೋಹದಿಂದ ಬರುವುದಿಲ್ಲ, ಅದರ ಎತ್ತರದಿಂದ ಬರುತ್ತದೆ. ಮೇಲಿನ ಪೈಪಿಗೂ ಕೆಳಗಿನ ಪೈಪಿಗೂ ಇರುವ ಅಂತರ ಎರಡರಷ್ಟಾದರೆ ಬಾಗುವುದು ಹೆಚ್ಚುಕಮ್ಮಿ ಕಾಲು ಭಾಗಕ್ಕೆ ಇಳಿಯುತ್ತದೆ. ಆರಿಂಚಿನ ಡೆಕೊರೇಷನ್ ಟ್ರಸ್ಸು ಸ್ಟೀಲಿನದಾದರೂ ಒಂದಡಿಯ ಬಾಕ್ಸ್ ಟ್ರಸ್‌ಗೆ ಸಾಟಿಯಾಗದೇ ಇರುವುದು ಇದಕ್ಕೇ. ಜೊತೆಗೆ ಅದರ ಪೈಪು ತೆಳು, ಕಡ್ಡಿ ಇನ್ನೂ ತೆಳು. ಸ್ಟೀಲು ಭಾರ ಬೇರೆ, ಹಾಗಾಗಿ ಅದು ಹೊರಬಲ್ಲ ಶಕ್ತಿಯಲ್ಲಿ ಒಂದು ಪಾಲು ತನ್ನ ಮೈತೂಕ ಹೊರುವುದಕ್ಕೇ ಹೋಗುತ್ತದೆ.

ಹಾಗಾದ್ರೆ ಎಷ್ಟು ತೂಕ ತಡೆಯುತ್ತೆ?

ಎಲ್ಲರೂ ಕೇಳುವ ಪ್ರಶ್ನೆ ಇದು. ಒಂದೇ ಅಂಕಿಯಲ್ಲಿ ಉತ್ತರ ಬೇಕು ಅಂತ ಎಲ್ಲರಿಗೂ ಆಸೆ. ಆದರೆ ಕಂಬಗಳ ನಡುವಿನ ಅಂತರ ಎಷ್ಟು, ತೂಕ ಎಲ್ಲಿ ಬೀಳುತ್ತದೆ, ಇವೆರಡೂ ಗೊತ್ತಿಲ್ಲದೆ "50 ಕೆಜಿ ತಡೆಯುತ್ತೆ" ಅನ್ನುವ ಮಾತಿಗೆ ಅರ್ಥವಿಲ್ಲ.

ಮೊದಲು ತೂಕದ ಜಾಗ ನೋಡೋಣ. 12 ಕೆಜಿಯ ಒಂದು ಲೈಟನ್ನು ಸರಿಯಾಗಿ ನಡುವೆ ನೇತುಹಾಕಿದಿರಿ ಅಂದುಕೊಳ್ಳಿ. ಟ್ರಸ್ ನಡುವೆ ಮುರಿಯುವಂತೆ ಅದು ಹಾಕುವ ಒತ್ತಡ, ಉದ್ದಕ್ಕೂ ಸಮನಾಗಿ ಹಂಚಿದ 24 ಕೆಜಿ ಹಾಕುವ ಒತ್ತಡಕ್ಕೆ ಸಮ. ಅಂದರೆ ನಡುವಿನ ತೂಕ ಎರಡರಷ್ಟು ಕಾಡುತ್ತದೆ. ಭಾರದ್ದನ್ನು ಯಾವಾಗಲೂ ಕಂಬದ ಹತ್ತಿರಕ್ಕೆ ಸರಿಸಿ.

ಇನ್ನು ಅಂತರ. 10 ಅಡಿಯಿಂದ 20 ಅಡಿಗೆ ಹೋದರೆ ಅದೇ ಲೈಟು ನಡುವೆ ಇದ್ದಾಗ ಬಾಗುವುದು ಎರಡು ಪಟ್ಟಲ್ಲ, ಎಂಟು ಪಟ್ಟು. ಉದ್ದ ಸಿಕ್ಕಿತು ಅಂತ ಲೈಟನ್ನೂ ಅದೇ ದಟ್ಟಣೆಯಲ್ಲಿ ತುಂಬಿದರೆ 16 ಪಟ್ಟು. "ಹತ್ತಡೀಲಿ ಚೆನ್ನಾಗಿ ನಿಂತಿತ್ತು, ಇನ್ನೊಂದು ಪೀಸ್ ಸೇರಿಸೋಣ" ಅನ್ನುವ ಮಾತು ಕೇಳಿದರೆ ನನಗೆ ಗಾಬರಿಯಾಗುವುದು ಇದಕ್ಕೇ.

ನಾನು ಪಾಲಿಸುವ ನಿಯಮ ಸರಳ. ಲೋಡ್ ಪಟ್ಟಿ ಇದ್ದರೆ ಅದರಲ್ಲಿ ಹೇಳಿದ್ದರ ಅರ್ಧ ಮಾತ್ರ ಹಾಕುತ್ತೇನೆ. ಪಟ್ಟಿ ಇಲ್ಲದಿದ್ದರೆ ಆ ಟ್ರಸ್ಸನ್ನು ಜನರ ತಲೆ ಮೇಲೆ ಅಡ್ಡಲಾಗಿ ಏರಿಸುವುದೇ ಇಲ್ಲ. ಬಾಡಿಗೆ ಕೊಡುವವರು ಎಷ್ಟೇ ಧೈರ್ಯ ಹೇಳಲಿ, ನಟರು ಅದರ ಕೆಳಗೆ ಎರಡು ಗಂಟೆ ನಿಂತಿರುತ್ತಾರೆ.

ತೂಕ ಲೆಕ್ಕ ಹಾಕೋದು ಹೇಗೆ?

ಲೈಟಿನ ತೂಕ ಒಂದನ್ನೇ ಕೂಡಿಸಿ ಬಿಡಬೇಡಿ. 10 ಅಡಿಯ ಟ್ರಸ್ಸಿಗೆ 6 ಎಲ್‌ಇಡಿ ಪಾರ್ (ಒಂದೇ ಕಡೆಗೆ ಬೆಳಕು ಚೆಲ್ಲುವ ಸಾಮಾನ್ಯ ಸ್ಟೇಜ್ ಲೈಟು) ಅಂದುಕೊಳ್ಳಿ. ಒಂದೊಂದು 2 ಕೆಜಿ ಆದರೆ 12 ಕೆಜಿ. ಕ್ಲ್ಯಾಂಪ್, ಸೇಫ್ಟಿ ವೈರ್ ಎಲ್ಲ ಸೇರಿ ಇನ್ನೆರಡು ಕೆಜಿ. ಪವರ್ ಕೇಬಲ್ಲು, ಲೈಟುಗಳಿಗೆ ಕಂಟ್ರೋಲ್ ಸಿಗ್ನಲ್ ಒಯ್ಯುವ ಡಿಎಂಎಕ್ಸ್ ಕೇಬಲ್ಲು ಸೇರಿ ಮೂರು ನಾಲ್ಕು ಕೆಜಿ. ಕೇಬಲ್ಲಿನ ತೂಕವನ್ನು ಮರೆಯುವವರೇ ಜಾಸ್ತಿ. ಒಟ್ಟು 18 ಕೆಜಿಗೆ ಬಂದು ನಿಂತಿತು. ಅನುಮಾನವಿದ್ದರೆ ರದ್ದಿ ಅಂಗಡಿಯವರ ಹತ್ತಿರ ಇರುವಂಥ ತೂಗುವ ಕೊಕ್ಕೆ ತಕ್ಕಡಿ ತನ್ನಿ. ಒಂದು ಲೈಟನ್ನು ಕ್ಲ್ಯಾಂಪು ಸಮೇತ ನೇತುಹಾಕಿ ತೂಗಿ. ಡಬ್ಬದ ಮೇಲೆ ಬರೆದ ತೂಕದಲ್ಲಿ ಕ್ಲ್ಯಾಂಪು ಸೇರಿರುವುದಿಲ್ಲ.

ಯಾವ ಲೈಟ್ ಹಾಕಬಹುದು, ಯಾವುದು ಬೇಡ?

ಚಪ್ಪಟೆ ಎಲ್‌ಇಡಿ ಪಾರ್, ಸಣ್ಣ ಎಲ್‌ಇಡಿ ಬಾರ್, ಸ್ಟ್ರಿಪ್ ಲೈಟು ಇವೆಲ್ಲ ಸರಿ. ಒಂದೊಂದು 3 ಕೆಜಿ ಒಳಗಿರಲಿ.

ಮೂವಿಂಗ್ ಹೆಡ್ (ಮೋಟರಿನಿಂದ ತಲೆ ತಿರುಗಿಸುವ ಲೈಟು) ಬೇಡವೇ ಬೇಡ. ಮದುವೆ ಆರ್ಕೆಸ್ಟ್ರಾಗಳಲ್ಲಿ ಬಳಸುವ ಬೀಮ್ ಲೈಟು ಸುಲಭವಾಗಿ 15 ಕೆಜಿ ದಾಟುತ್ತದೆ. ತೂಕ ಒಂದು ಕಡೆಯಾದರೆ, ಅದು ತಲೆ ತಿರುಗಿಸಿ ಗಕ್ಕನೆ ನಿಲ್ಲಿಸಿದಾಗಲೆಲ್ಲ ಟ್ರಸ್ಸನ್ನು ಅಲ್ಲಾಡಿಸುತ್ತದೆ. ತೆಳುವಾದ ವೆಲ್ಡಿಂಗಿಗೆ ಸುಮ್ಮನೆ ನಿಂತ ಭಾರಕ್ಕಿಂತ ಈ ಅಲುಗಾಟವೇ ಕೆಟ್ಟದ್ದು. ನಾಟಕಕ್ಕೆ ಬಳಸುವ ಹಳೆಯ ಹ್ಯಾಲೊಜೆನ್ ಲೈಟುಗಳಾದ ಫ್ರೆನೆಲ್, ಪ್ರೊಫೈಲ್ ಸ್ಪಾಟ್ ಕೂಡ ಬೇಡ, ಅವೂ ಭಾರ. ಪಾರ್ 64 ಕ್ಯಾನು (ಹಳೆಯ ಡಬ್ಬಿಯಾಕಾರದ ಪಾರ್ ಲೈಟು) ಹಗುರವೇ, ಆದರೆ ಅದರೊಳಗೆ 1000 ವ್ಯಾಟಿನ ಬಲ್ಬಿದ್ದರೆ ಡೆಕೊರೇಷನ್ ಬಟ್ಟೆಯ ಹತ್ತಿರ ಇಡುವ ಹಾಗಿಲ್ಲ.

ಅಡ್ಡ ಹಾಕೋದು ಒಳ್ಳೇದಾ, ನಿಲ್ಲಿಸೋದು ಒಳ್ಳೇದಾ?

ನಿಲ್ಲಿಸಿ. ಈ ಪುಟದಲ್ಲಿ ಒಂದೇ ಉತ್ತರ ಓದುವುದಾದರೆ ಇದನ್ನು ಓದಿ.

ಟ್ರಸ್ಸನ್ನು ಕಂಬದ ಹಾಗೆ ನಿಲ್ಲಿಸಿದಾಗ ಲೈಟಿನ ಭಾರ ಪೈಪುಗಳ ಉದ್ದಕ್ಕೆ ಇಳಿದು ಬುಡಕ್ಕೆ ಹೋಗುತ್ತದೆ. ಬಾಗಿಸುವ ಒತ್ತಡ ತೀರಾ ಕಮ್ಮಿ. ಎರಡು ಕಂಬಗಳನ್ನು ರಂಗದ ಎಡಬಲ ವಿಂಗ್‌ಗಳಲ್ಲಿ (ಪಕ್ಕದ ಮರೆಗಳಲ್ಲಿ) ನಿಲ್ಲಿಸಿ ಒಂದೊಂದಕ್ಕೆ ಮೂರು ಪಾರ್ ಹಾಕಿದರೆ, ಯಾರ ತಲೆ ಮೇಲೂ ಏನೂ ತೂಗುವುದಿಲ್ಲ. ಬಿದ್ದರೆ ಏನು ಅನ್ನುವ ಚಿಂತೆಯನ್ನು ಬುಡದ ಹತ್ತಿರವೇ ಪರಿಹರಿಸಬಹುದು.

ಬೆಳಕಿನ ದೃಷ್ಟಿಯಿಂದಲೂ ಇದೇ ಮೇಲು. ಲೆಕ್ಕ ಹಾಕಿ ನೋಡಿ. ಶಾಲೆಯ ವೇದಿಕೆ ನೆಲದಿಂದ 3 ಅಡಿ ಎತ್ತರ, ಅದರ ಮೇಲೆ ನಿಂತವರ ಮುಖ 5 ಅಡಿ ಎತ್ತರ. ಮುಖ ನೆಲದಿಂದ 8 ಅಡಿಗೆ ಬಂತು. ಮುಂದೆ ಅಡ್ಡ ಹಾಕಿದ ಟ್ರಸ್ 10 ಅಡಿಯಲ್ಲಿದ್ದರೆ ಬೆಳಕು ಮುಖಕ್ಕಿಂತ ಎರಡೇ ಅಡಿ ಮೇಲಿನಿಂದ ಬರುತ್ತದೆ. ಮುಖ ಚಪ್ಪಟೆಯಾಗಿ ಕಾಣುತ್ತದೆ. ಪ್ರತಿ ನಟನ ಹಿಂದೆ ಪರದೆಯ ಮೇಲೆ ದೊಡ್ಡ ನೆರಳು ಓಡಾಡುತ್ತದೆ. ಸುಮಾರು 45 ಡಿಗ್ರಿ ಮೇಲಿನಿಂದ ಬೆಳಕು ಬೇಕಾದರೆ ಲೈಟು ಮುಖಕ್ಕಿಂತ ಎಷ್ಟು ಮೇಲಿದೆಯೋ ಅಷ್ಟೇ ದೂರ ಮುಂದೆ ಇರಬೇಕು. ಈ ಟ್ರಸ್ಸಿನಿಂದ ಆ ಎತ್ತರ ಸಿಗುವುದಿಲ್ಲ.

ಅದೇ ಬದಿಯಿಂದ ಬಂದ ಬೆಳಕನ್ನು ನೋಡಿ. ನೆರಳು ಎದುರಿನ ವಿಂಗ್‌ಗೆ ಹೋಗಿ ಬೀಳುತ್ತದೆ, ಪರದೆ ಸ್ವಚ್ಛವಾಗಿರುತ್ತದೆ. ಭರತನಾಟ್ಯದ ಮಕ್ಕಳ ಕೈಬೀಸು, ಕಾಲಿನ ಚಲನೆ ಬಿಡಿಸಿಟ್ಟ ಹಾಗೆ ಕಾಣುತ್ತದೆ. ಯಕ್ಷಗಾನದ ವೇಷಕ್ಕಂತೂ ಬದಿಯ ಬೆಳಕು ಬಿದ್ದಾಗ ಕಿರೀಟದ, ಭುಜಕೀರ್ತಿಯ ಒಂದೊಂದು ಚೂರೂ ಬೇರೆಬೇರೆಯಾಗಿ ಮಿಂಚುತ್ತದೆ. ಮುಂದಿನಿಂದ ಎರಡು ಸ್ಟ್ಯಾಂಡ್‌ಗಳಲ್ಲಿ ಹದವಾದ ಬೆಚ್ಚನೆ ಬೆಳಕು ಕೊಟ್ಟರೆ ಮುಖಭಾವಕ್ಕೆ ಅಷ್ಟು ಸಾಕು.

ನಿಲ್ಲಿಸಿದ ಕಂಬ ಬೀಳದ ಹಾಗೆ ಏನು ಮಾಡಬೇಕು?

ಬುಡದ ಪ್ಲೇಟು ಒಂದನ್ನೇ ನಂಬಬೇಡಿ. 2 ಅಡಿ ಚದರದ, 10 ಎಂಎಂ ದಪ್ಪದ ಕಬ್ಬಿಣದ ಪ್ಲೇಟು ಸುಮಾರು 29 ಕೆಜಿ ತೂಗುತ್ತದೆ. ಎತ್ತುವಾಗ ಬೇಕಾದಷ್ಟು ಭಾರ ಅನ್ನಿಸುತ್ತದೆ. ಅದರ ಮೇಲೆ 8 ಅಡಿ ಟ್ರಸ್ಸು, ಮೂರು ಲೈಟು ಸೇರಿ 15 ಕೆಜಿ ಅಂದುಕೊಳ್ಳಿ. ಒಟ್ಟು 44 ಕೆಜಿ. ಈ ಕಂಬವನ್ನು ಎರಡು ಮೀಟರ್ ಎತ್ತರದಲ್ಲಿ ತಳ್ಳಿದರೆ ಎಷ್ಟು ಬಲಕ್ಕೆ ಮಗುಚುತ್ತದೆ ಗೊತ್ತಾ? ಸುಮಾರು 6.5 ಕೆಜಿ. ಡ್ರೆಸ್ ಬದಲಿಸಲು ಓಡುವ ಒಂದು ಹುಡುಗ ಭುಜ ತಾಗಿಸಿದರೆ ಸಾಕು. ಲೈಟುಗಳೆಲ್ಲ ಒಂದೇ ಬದಿಗೆ ಚಾಚಿದ್ದರೆ ಇನ್ನೂ ಕಮ್ಮಿ ಸಾಕು.

25 ಕೆಜಿಯ ಎರಡು ಮರಳು ಚೀಲಗಳನ್ನು ಪ್ಲೇಟಿನ ಎರಡೂ ಬದಿಗೆ ಸಮನಾಗಿ ಇಟ್ಟರೆ ಇದು ಸುಮಾರು 14 ಕೆಜಿಗೆ ಏರುತ್ತದೆ. ಬುಡದಿಂದ ನಾಲ್ಕೂ ಕಡೆ ಕಾಲು ಚಾಚಿ ಅಗಲವನ್ನು 4 ಅಡಿ ಮಾಡಿದರೆ 28 ಕೆಜಿ. ಇಷ್ಟಾದ ಮೇಲೂ ಕಂಬದ ತಲೆಯನ್ನು ಹಿಂದಿನ ಗೋಡೆಗೋ ಪಿಲ್ಲರಿಗೋ ಗಟ್ಟಿಯಾಗಿ ಕಟ್ಟಿ. ಈ ಕಟ್ಟೇ ನಿಜವಾದ ಭರವಸೆ. ನೀರು ತುಂಬಿದ ಕ್ಯಾನುಗಳನ್ನು ಇಡುವವರಿದ್ದಾರೆ, ಅವು ಸೋರುತ್ತವೆ. ವೇದಿಕೆ ಮೇಲೆ ಕರೆಂಟಿನ ಪಕ್ಕ ನೀರು ಯಾಕೆ?

ಸಾಮಾನ್ಯ ಹುಕ್ ಕ್ಲ್ಯಾಂಪ್ ಆಗುತ್ತಾ?

ಬಾಡಿಗೆಗೆ ಸಿಗುವ ಕ್ಲ್ಯಾಂಪುಗಳು 48ರಿಂದ 51 ಎಂಎಂ ಪೈಪಿಗೆ ಮಾಡಿದವು. 20 ಎಂಎಂ ಪೈಪಿಗೆ ಹಾಕಿದರೆ ಬೋಲ್ಟು ಒಂದು ಕಡೆ ಚುಚ್ಚಿ ನಿಲ್ಲುತ್ತದೆ ಅಷ್ಟೆ. ಇನ್ನಷ್ಟು ಬಿಗಿ ಮಾಡಿದರೆ ತೆಳು ಪೈಪು ಅಪ್ಪಚ್ಚಿಯಾಗುತ್ತದೆ. ಹಾಗೆ ಜಜ್ಜಿದ ಜಾಗದಿಂದಲೇ ಪೈಪು ಮುಂದೆ ಮಡಚುವುದು. ಸೈಕಲ್ ಟ್ಯೂಬು ಸುತ್ತಿ ದಪ್ಪ ಮಾಡುವುದೂ ಬೇಡ, ರಬ್ಬರು ಜಾರುತ್ತದೆ.

ಪೈಪಿನ ಅಳತೆಗೆ ಸರಿಹೊಂದುವ ಕ್ಲ್ಯಾಂಪ್ ತನ್ನಿ. ಇಲ್ಲವೇ ಎರಡು ಪೈಪುಗಳನ್ನು ಸೇರಿಸಿ ಹಿಡಿಯುವ ಪಟ್ಟಿಯನ್ನು ಮಾಡಿಸಿ ಅದಕ್ಕೆ ಎಂ10 ಬೋಲ್ಟಿನಿಂದ ಲೈಟು ಹಾಕಿ. ಎಲ್ಲಿ ಹಾಕುತ್ತೀರಿ ಅನ್ನುವುದೂ ಮುಖ್ಯ. ಅಂಕುಡೊಂಕು ಕಡ್ಡಿಗಳು ಉದ್ದ ಪೈಪಿಗೆ ಬಂದು ಸೇರುವ ಗಂಟಿನ ಹತ್ತಿರವೇ ಹಾಕಿ. ಎರಡು ಗಂಟುಗಳ ನಡುವೆ ಹಾಕಿದರೆ ಆ ಒಂದು ತೆಳು ಪೈಪು ಒಂಟಿಯಾಗಿ ಬಾಗಬೇಕಾಗುತ್ತದೆ. ಪ್ಲಾಸ್ಟಿಕ್ ಕೇಬಲ್ ಟೈ ಕೇಬಲ್ಲಿಗೆ ಮಾತ್ರ.

ಸೇಫ್ಟಿ ವೈರ್ ಬೇಕೇ ಬೇಕಾ? ಎರಡೇ ಕೆಜಿ ಲೈಟಲ್ವಾ?

ಬೇಕೇ ಬೇಕು. ಎರಡು ಮೀಟರ್ ಕೆಳಗೆ ಬಿದ್ದ ವಸ್ತು ಗಂಟೆಗೆ 22 ಕಿಲೋಮೀಟರ್ ವೇಗದಲ್ಲಿರುತ್ತದೆ. ಆ ವೇಗದಲ್ಲಿ ಬರುವ ಎರಡು ಕೆಜಿ ಲೋಹ ಮಗುವಿನ ತಲೆಗೆ ತಾಗಿದರೆ ಏನಾಗುತ್ತದೆ ಅಂತ ಹೇಳಬೇಕಾಗಿಲ್ಲ. ಸ್ಟೀಲ್ ವೈರನ್ನು ಲೈಟಿನ ಬಾಡಿಯಿಂದ ಟ್ರಸ್‌ನ ಉದ್ದ ಪೈಪಿಗೆ ಸುತ್ತಿ. ಸಡಿಲ ಆದಷ್ಟು ಕಮ್ಮಿ ಇರಲಿ. ಉದ್ದ ಬಿಟ್ಟಷ್ಟೂ ಬಿದ್ದಾಗ ಎಳೆತ ಜಾಸ್ತಿ, ವೈರೇ ಕಿತ್ತು ಬರಬಹುದು.

ನಮ್ಮೂರ ವೆಲ್ಡಿಂಗ್ ಶಾಪ್‌ನಲ್ಲೇ ಮಾಡಿಸಬಹುದಾ?

ಬುಡದ ಪ್ಲೇಟು, ಚಾಚುಗಾಲು, ಲೈಟು ಹಾಕುವ ಪಟ್ಟಿ ಇವನ್ನು ಧಾರಾಳವಾಗಿ ಮಾಡಿಸಿ. ತಲೆ ಮೇಲೆ ಏರಿಸುವ ಟ್ರಸ್ಸನ್ನು ಮಾತ್ರ ಸ್ಟ್ರಕ್ಚರಲ್ ಇಂಜಿನಿಯರ್ ಬರೆದುಕೊಟ್ಟ ಡ್ರಾಯಿಂಗ್ ಇಲ್ಲದೆ ಮಾಡಿಸಬೇಡಿ. ಗೇಟು, ಗ್ರಿಲ್ಲು ಚೆನ್ನಾಗಿ ಮಾಡುವವರ ಕೈಚಳಕದ ಬಗ್ಗೆ ನನಗೆ ಗೌರವವಿದೆ. ಆದರೆ ಗೇಟಿನ ವೆಲ್ಡಿಂಗ್ ಬಿಟ್ಟರೆ ಗೇಟು ಜೋತು ಬೀಳುತ್ತದೆ, ಅಷ್ಟೆ. ಇಲ್ಲಿ ಹಾಗಲ್ಲ.

ತೆಳು ಪೈಪಿಗೆ ಮಾಮೂಲಿ ಆರ್ಕ್ ವೆಲ್ಡಿಂಗ್ ಮಾಡಿದರೆ ಪೈಪು ತೂತು ಬೀಳುವುದು ಸಾಮಾನ್ಯ. ಆ ತೂತನ್ನು ಮೇಲಿಂದ ತುಂಬಿ ಗ್ರೈಂಡ್ ಮಾಡಿ ಬಣ್ಣ ಬಳಿದರೆ ಹೊರಗೆ ಏನೂ ಕಾಣುವುದಿಲ್ಲ. ತೆಳು ಪೈಪಿಗೆ ಗ್ಯಾಸಿನ ರಕ್ಷಣೆಯಲ್ಲಿ ಮಾಡುವ ಮಿಗ್ ಅಥವಾ ಟಿಗ್ ವೆಲ್ಡಿಂಗ್ ಕೇಳಿ. ಪೈಪಿನ ಗೇಜ್ ಕೂಡ ಗಮನಿಸಿ. 16 ಗೇಜ್ ಅಂದರೆ ಸುಮಾರು 1.6 ಎಂಎಂ, 18 ಗೇಜ್ ಅಂದರೆ ಸುಮಾರು 1.2 ಎಂಎಂ. ಹಣ ಉಳಿಸಲು 18ಕ್ಕೆ ಇಳಿದರೆ ಕಾಲು ಭಾಗ ಲೋಹವೇ ಹೋಯಿತು. ಫರ್ನಿಚರ್ ಪೈಪು ಬೇಡ, ಐಎಸ್ 1161 (ಐಎಸ್ ಅಂದರೆ ಭಾರತೀಯ ಮಾನಕ, ಇದು ಸ್ಟ್ರಕ್ಚರಲ್ ಪೈಪಿನದು) ಗುರುತಿನ ಪೈಪು ತನ್ನಿ. ಇಂಜಿನಿಯರ್ ಲೆಕ್ಕ ಸ್ಟೀಲ್ ನಿರ್ಮಾಣದ ಮಾನಕವಾದ ಐಎಸ್ 800 ಪ್ರಕಾರ ಇರಲಿ.

ಹಳೇ ಟ್ರಸ್ ಅಥವಾ ಬಾಡಿಗೆ ಟ್ರಸ್ ಬಂದಾಗ ಏನು ನೋಡಬೇಕು?

ಹಗಲು ಬೆಳಕಿನಲ್ಲಿ ನೆಲದ ಮೇಲೆ ಮಲಗಿಸಿ. ಒಂದು ತುದಿಯಲ್ಲಿ ಕುಕ್ಕರಗಾಲಲ್ಲಿ ಕೂತು ಪೈಪಿನ ಉದ್ದಕ್ಕೂ ಕಣ್ಣು ಹಾಯಿಸಿ, ಸೊಟ್ಟ ಇದ್ದರೆ ಕಂಡುಬಿಡುತ್ತದೆ. ಆಮೇಲೆ ಒಂದೊಂದು ಗಂಟನ್ನೂ ಬೆರಳಿಂದ ಸವರಿ. ಬಣ್ಣ ಕೂದಲೆಳೆಯಷ್ಟು ಬಿರುಕು ಬಿಟ್ಟು ಅಲ್ಲಿ ಕಂದು ಗೆರೆ ಕಂಡರೆ ಕೆಳಗೆ ವೆಲ್ಡಿಂಗ್ ಬಿಟ್ಟಿರುವ ಸಾಧ್ಯತೆ ಹೆಚ್ಚು. ಕ್ರೋಮ್ ಮೇಲೆ ಇದು ಬೇಗ ಕಾಣುವುದಿಲ್ಲ, ಟಾರ್ಚನ್ನು ಓರೆಯಾಗಿ ಹಿಡಿದು ನೋಡಿ. ಪೈಪಿನ ಬಾಯಿಂದ ತುಕ್ಕಿನ ಪುಡಿ ಉದುರುತ್ತದಾ ಅಂತ ಟ್ರಸ್ಸನ್ನು ಎತ್ತಿ ಕುಕ್ಕಿ ನೋಡಿ. ಉಡುಪಿ, ಮಂಗಳೂರು, ಕಾರವಾರದ ಕಡೆ ಉಪ್ಪುಗಾಳಿಗೆ ಪೈಪು ಒಳಗಿಂದಲೇ ತಿಂದುಹೋಗಿರುತ್ತದೆ, ಹೊರಗೆ ಬಣ್ಣ ಫಳಫಳ ಅನ್ನುತ್ತಿರುತ್ತದೆ.

ಒಂದು ಕಡ್ಡಿ ಸೊಟ್ಟಗಾಗಿದ್ದರೂ ಆ ಪೀಸನ್ನು ಪಕ್ಕಕ್ಕಿಡಿ. ಸುತ್ತಿಗೆಯಲ್ಲಿ ಹೊಡೆದು ನೇರ ಮಾಡಿದ ಕಡ್ಡಿ ಮೊದಲಿನ ಬಲಕ್ಕೆ ಬರುವುದಿಲ್ಲ. ಜೋಡಿಸುವ ಬೋಲ್ಟಿನ ತಲೆ ಮೇಲೆ ಬಲದ ದರ್ಜೆ 8.8 ಅಂತ ಅಚ್ಚು ಇರಬೇಕು. ಏನೂ ಗುರುತಿಲ್ಲದ ಬೋಲ್ಟು ಬೇಡ. ಬಿಗಿ ಮಾಡಿದ ಪ್ರತಿ ಬೋಲ್ಟಿಗೂ ಬಣ್ಣದ ಗೆರೆ ಹಾಕುತ್ತಾ ಹೋಗಿ, ಯಾವುದು ಬಿಟ್ಟಿತು ಅಂತ ದೂರದಿಂದಲೇ ಗೊತ್ತಾಗುತ್ತದೆ.

ಏಣಿ ಥರ ಎರಡೇ ಪೈಪಿನ ಟ್ರಸ್ ಇದೆ. ಅದು?

ಆ ಪೈಪುಗಳು ಒಂದರ ಮೇಲೊಂದು ಬರುವ ಹಾಗೆ ಇದ್ದಾಗ ಮಾತ್ರ ಅದಕ್ಕೆ ಬಲ. ಪಕ್ಕಕ್ಕೆ ತಳ್ಳಿದರೆ ಸುಲಭವಾಗಿ ತಿರುಚಿಕೊಳ್ಳುತ್ತದೆ. ಎಲ್‌ಇಡಿ ಸ್ಟ್ರಿಪ್ ಅಂಟಿಸಿ ಹಿನ್ನೆಲೆಗೆ ಇಡಿ.

ಬಯಲು ವೇದಿಕೆಯಲ್ಲಿ ಬಳಸಬಹುದಾ?

ಲೈಟಿನ ತೂಕಕ್ಕಿಂತ ಇಲ್ಲಿ ಗಾಳಿ ದೊಡ್ಡದು. ಗಾಳಿಯ ವೇಗ ಎರಡರಷ್ಟಾದರೆ ಅದರ ತಳ್ಳು ನಾಲ್ಕು ಪಟ್ಟಾಗುತ್ತದೆ. ಟ್ರಸ್ಸಿಗೆ 10 ಅಡಿ ಅಗಲ, 8 ಅಡಿ ಎತ್ತರದ ಫ್ಲೆಕ್ಸ್ ಕಟ್ಟಿದ್ದೀರಿ ಅಂದುಕೊಳ್ಳಿ. ಗಂಟೆಗೆ 54 ಕಿಲೋಮೀಟರ್ ಗಾಳಿ ಬೀಸಿದರೆ ಅದರ ಮೇಲೆ ಸುಮಾರು 100 ಕೆಜಿ ತಳ್ಳು ಬೀಳುತ್ತದೆ. ಕಟ್ಟಡಗಳ ಲೆಕ್ಕಕ್ಕೆ ಬಳಸುವ ಐಎಸ್ 875ರಲ್ಲಿ ಬೆಂಗಳೂರಿಗೆ ಕೊಟ್ಟಿರುವ ಮೂಲ ಗಾಳಿವೇಗ ಸೆಕೆಂಡಿಗೆ 33 ಮೀಟರ್. ಅಂದರೆ ಗಂಟೆಗೆ ಸುಮಾರು 119 ಕಿಲೋಮೀಟರ್. ಏಪ್ರಿಲ್, ಮೇ ತಿಂಗಳ ಸಂಜೆ ಮಳೆಗೆ ಮುಂಚೆ ಬರುವ ಗಾಳಿ ಹೇಳಿ ಕೇಳಿ ಬರುವುದಿಲ್ಲ.

2011ರ ಆಗಸ್ಟ್ 13ರಂದು ಅಮೆರಿಕದ ಇಂಡಿಯಾನಾ ಸ್ಟೇಟ್ ಫೇರ್‌ನಲ್ಲಿ ಸಂಗೀತ ಕಾರ್ಯಕ್ರಮಕ್ಕೆ ಮುಂಚೆ ಬಿರುಗಾಳಿ ಬೀಸಿ ವೇದಿಕೆಯ ಮೇಲಿನ ಚೌಕಟ್ಟು ಜನರ ಮೇಲೆ ಬಿತ್ತು. ಏಳು ಜನ ತೀರಿಕೊಂಡರು. ಅದು ದೊಡ್ಡ ಬಯಲು ಕಾರ್ಯಕ್ರಮಗಳಿಗೆಂದೇ ಕಟ್ಟಿದ್ದ ಭಾರಿ ಚೌಕಟ್ಟು. ನಮ್ಮ ಆರಿಂಚಿನ ಟ್ರಸ್ಸಿಗೆ ಫ್ಲೆಕ್ಸ್ ಕಟ್ಟಿ ಮೈದಾನದಲ್ಲಿ ನಿಲ್ಲಿಸುವುದನ್ನು ನಾನು ಒಪ್ಪುವುದಿಲ್ಲ. ಬಯಲಲ್ಲಿ ಬೇಕೇ ಬೇಕು ಅಂದರೆ ಕುಳ್ಳಗೆ ನಿಲ್ಲಿಸಿ, ಬಟ್ಟೆ, ಫ್ಲೆಕ್ಸ್ ಏನೂ ಕಟ್ಟದೆ ಬೋಳು ಬಿಡಿ, ಮೂರು ದಿಕ್ಕಿಗೆ ಗೂಟ ಹೊಡೆದು ಹಗ್ಗ ಎಳೆಯಿರಿ. ಗಾಳಿ ಎದ್ದರೆ ಯಾರು "ನಿಲ್ಲಿಸಿ" ಅನ್ನಬೇಕು ಅಂತ ಮೊದಲೇ ಗೊತ್ತು ಮಾಡಿಕೊಳ್ಳಿ.

ಡೆಕೊರೇಷನ್‌ನವರು ಹೂವು, ಪರದೆ ಕಟ್ಟಿದ್ರೆ?

ನೀವು ಲೈಟ್ ಹಾಕಿ ಊಟಕ್ಕೆ ಹೋಗಿ ಬರುವಷ್ಟರಲ್ಲಿ ಇದು ಆಗಿರುತ್ತದೆ! ಚೆಂಡುಹೂವಿನ ಮಾಲೆ ಒಂದೊಂದೇ ನೋಡಿದರೆ ಹಗುರ. ನೂರಾರು ಮಾಲೆ ಕಟ್ಟಿ ಬಾಡದಿರಲಿ ಅಂತ ನೀರು ಚಿಮುಕಿಸಿದರೆ ನಿಮ್ಮ ಲೈಟುಗಳಿಗಿಂತ ಭಾರ. ನೀರು ಲೈಟಿನೊಳಗೂ ಇಳಿಯುತ್ತದೆ. ಡೆಕೊರೇಷನ್‌ನವರ ಹತ್ತಿರ ಮೊದಲೇ ಮಾತಾಡಿ, ಅವರಿಗೆ ಬೇರೆ ಚೌಕಟ್ಟು ಕೊಡಿ. ತಾತ್ಕಾಲಿಕ ಪೆಂಡಾಲುಗಳ ಬೆಂಕಿ ಮುನ್ನೆಚ್ಚರಿಕೆಗೆ ಐಎಸ್ 8758 ಅಂತ ಇದೆ, ಆಯೋಜಕರಿಗೆ ಒಮ್ಮೆ ತೋರಿಸಿ.

ಕರೆಂಟಿನ ವಿಷಯದಲ್ಲಿ ಏನು ಎಚ್ಚರ?

ಸ್ಟೀಲ್ ಟ್ರಸ್ಸಿಗೆ ಒಂದು ಕಡೆ ವೈರು ತಾಗಿದರೆ ಇಡೀ ಟ್ರಸ್ಸಿಗೆ 230 ವೋಲ್ಟ್ ಬರಬಹುದು. ಹಸಿರು ಅರ್ಥಿಂಗ್ ವೈರನ್ನು ಟ್ರಸ್ಸಿಗೇ ಬೋಲ್ಟ್ ಹಾಕಿ ಕೊಡಿ. ಕೊಡುವ ಜಾಗದಲ್ಲಿ ಬಣ್ಣ ಕೆರೆಯಿರಿ. ಪೌಡರ್ ಕೋಟಿಂಗ್ ಕರೆಂಟನ್ನು ತಡೆಯುವುದರಿಂದ ಜೋಡಿಸಿದ ಎರಡು ಪೀಸುಗಳ ನಡುವೆ ಅರ್ಥಿಂಗ್ ದಾಟದೇ ಇರಬಹುದು. ಹಾಗಾಗಿ ಪ್ರತಿ ಪೀಸಿಗೂ ವೈರು ಕೊಡಿ. ಲೈನಿಗೆ 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟು ಸೋರಿದರೆ ಲೈನ್ ಕಡಿಯುವ ಸ್ವಿಚ್ಚು) ಇರಲೇಬೇಕು. ಕೇಬಲ್ಲು ಪೈಪಿನ ಕತ್ತರಿಸಿದ ಅಂಚಿಗೆ ಉಜ್ಜದ ಹಾಗೆ ಕಟ್ಟಿ.

ರಂಗಮಂದಿರದಲ್ಲಿ ನಾಟಕ ಇದೆ. ಅಲ್ಲಿಗೂ ಒಯ್ಯಬೇಕಾ?

ಬೇಡ. ರವೀಂದ್ರ ಕಲಾಕ್ಷೇತ್ರ, ರಂಗಶಂಕರದಂಥ ಕಡೆ ಲೈಟಿಗೆಂದೇ ಮೇಲೆ ಬಾರ್‌ಗಳಿವೆ. ಅಲ್ಲಿನ ತಾಂತ್ರಿಕ ಸಿಬ್ಬಂದಿಯ ಮಾತು ಕೇಳಿ ಅವನ್ನೇ ಬಳಸಿ.

ಲೈಟ್ ತಿರುಗಿಸಲು ಟ್ರಸ್ಸಿಗೆ ಏಣಿ ಒರಗಿಸಬಹುದಾ?

ಇಲ್ಲ. ತಾನೇ ನಿಲ್ಲುವ ಎ ಆಕಾರದ ಏಣಿ ತನ್ನಿ, ಕೆಳಗೆ ಒಬ್ಬರು ಹಿಡಿದುಕೊಳ್ಳಲಿ.

ಅಡ್ಡ ಹಾಕಿದ ಟ್ರಸ್ ಬಾಗಿದೆಯಾ ಅಂತ ತಿಳಿಯೋದು ಹೇಗೆ? ಕಾರ್ಯಕ್ರಮದ ನಡುವೆ ಬಾಗಿದ್ರೆ?

ಲೋಡ್ ಪಟ್ಟಿ ಇರುವ ಟ್ರಸ್ಸನ್ನೇ ಏರಿಸಿದ್ದರೂ ಇದನ್ನು ಮಾಡಿ. ಲೈಟು ಹಾಕಿ ಒಂದಡಿ ಮಾತ್ರ ಮೇಲೆತ್ತಿ ನಿಲ್ಲಿಸಿ. ಕೆಳಗಿನ ಪೈಪಿನ ಎರಡು ತುದಿಗೆ ದಾರ ಬಿಗಿಯಾಗಿ ಎಳೆದು ಕಟ್ಟಿ, ನಡುವೆ ಪೈಪು ದಾರಕ್ಕಿಂತ ಎಷ್ಟು ಕೆಳಗೆ ಇಳಿದಿದೆ ಅಂತ ಸ್ಕೇಲಿನಿಂದ ಅಳೆಯಿರಿ. 3 ಮೀಟರಿಗೆ 15 ಎಂಎಂ ದಾಟಿದರೆ ನಾನು ಲೈಟು ಇಳಿಸುತ್ತೇನೆ. ಅರ್ಧ ಗಂಟೆ ಬಿಟ್ಟು ಮತ್ತೆ ಅಳೆಯಿರಿ. ಅಂಕಿ ಬೆಳೆದಿದ್ದರೆ ಎಲ್ಲೋ ಜೋಡಣೆ ಸರಿಯುತ್ತಿದೆ ಅಂತ ಅರ್ಥ, ಎತ್ತುವುದೇ ಬೇಡ. ಈ ಪರೀಕ್ಷೆ ಕೆಟ್ಟ ಟ್ರಸ್ಸನ್ನು ಹಿಡಿದುಕೊಡುತ್ತದೆ, ಒಳ್ಳೆಯದು ಅಂತ ಸರ್ಟಿಫಿಕೇಟ್ ಕೊಡುವುದಿಲ್ಲ.

ಕಾರ್ಯಕ್ರಮದ ನಡುವೆ ಬಾಗಿದ ಹಾಗೆ ಕಂಡರೆ, ಟಕ್ ಅಂತ ಸದ್ದು ಕೇಳಿದರೆ ಮೊದಲು ಕೆಳಗಿರುವವರನ್ನು ಆಚೆ ಕಳಿಸಿ. ಮೈಕಿನಲ್ಲಿ ನಿಧಾನವಾಗಿ, ಸ್ಪಷ್ಟವಾಗಿ ಹೇಳಿ. ಸಭಾಂಗಣದ ದೀಪ ಹಾಕಿಸಿ, ಆಮೇಲೆ ಟ್ರಸ್‌ನ ಲೈನ್ ಆಫ್ ಮಾಡಿ. ಯಾರೂ ಕೆಳಗೆ ಹೋಗಿ ಬಿದಿರು ಕೊಟ್ಟು ಎತ್ತಿ ಹಿಡಿಯುವ ಸಾಹಸ ಮಾಡಬಾರದು. ಜಾಗ ಖಾಲಿಯಾದ ಮೇಲೆ ಕಂಬಗಳ ಕಡೆಯಿಂದ, ಎರಡೂ ತುದಿಯನ್ನು ಒಟ್ಟಿಗೆ, ನಿಧಾನವಾಗಿ ಇಳಿಸಿ. ಉಳಿದ ಕಾರ್ಯಕ್ರಮವನ್ನು ಬದಿಯ ಕಂಬಗಳ ಬೆಳಕಿನಲ್ಲಿ ಮುಂದುವರಿಸಬಹುದು.